ಫೋನಿಗೂ ಒಂದು ಮರಗಸಿ: ಏನನ್ನು ಬದಲಿಸಬೇಕು, ಏನನ್ನು ಹಾಗೇ ಬಿಡಬೇಕು

ಹೋದ ಕೊಯ್ಲಿನ ಹೊತ್ತಿಗೆ ಮೂಡಿಗೆರೆ ಕಡೆ ಇರುವ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಕಣದ ತುಂಬಾ ಕಾಫಿ ಹರಡಿತ್ತು. ಚಿಕ್ಕಪ್ಪ ಕಣದ ಅಂಚಿನಲ್ಲಿ ನಿಂತು ಕೈಯಲ್ಲಿದ್ದ ಫೋನಿಗೆ ಬೈಯುತ್ತಿದ್ದರು.

"ನೋಡೋ ಇಲ್ಲಿ, ತೋಟದ ರೈಟರ್ ಫೋನ್ ಮಾಡ್ತಾನೆ, ರಿಂಗ್ ಆಗುತ್ತೆ. ಎತ್ತೋಣ ಅಂದ್ರೆ ಹಸಿರು ಬಟನ್ನೇ ಬರಲ್ಲ. ಅದು ಬರೋ ಹೊತ್ತಿಗೆ ಅವನು ಇಟ್ಟೇಬಿಟ್ಟಿರ್ತಾನೆ."

ತಗೊಂಡು ನೋಡಿದೆ. ಎರಡು ವರ್ಷದ ಫೋನು, ಅಂಥಾ ಹಳೇದೇನಲ್ಲ. ಆದರೆ ಸ್ಕ್ರೀನ್ ತುಂಬಾ ಜಲಪಾತ ಹರಿಯುವ ಲೈವ್ ವಾಲ್‌ಪೇಪರ್. ಅದರ ಮೇಲೆ ದೊಡ್ಡ ಗಡಿಯಾರ, ಹವಾಮಾನ ತೋರಿಸುವ ವಿಜೆಟ್ ಎರಡು, ಸುದ್ದಿಯ ವಿಜೆಟ್ ಒಂದು. ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್, ಅಂದರೆ ಲಾಂಚರ್, ಕಂಪನಿಯದು ಬಿಟ್ಟು ಬೇರೆ ಯಾವುದೋ. ಐಕಾನ್‌ಗಳೆಲ್ಲ ಒಂದೇ ನೇರಳೆ ಬಣ್ಣ. ವಾಟ್ಸಾಪ್ ಯಾವುದು, ಕ್ಯಾಮೆರಾ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಸಾಲದ್ದಕ್ಕೆ ಮೂರು ಕ್ಲೀನರ್ ಆ್ಯಪ್. ರಜೆಗೆ ಬಂದಿದ್ದ ಮೊಮ್ಮಗನ ಕೈಚಳಕ. ಪೇಟೆಯ ಅಂಗಡಿಯವನು "ಈ ಫೋನ್ ಕಥೆ ಮುಗೀತು, ಹೊಸದು ತಗೊಳ್ಳಿ" ಅಂದಿದ್ದನಂತೆ.

ಒಂದು ಗಂಟೆ ಕೂತು ಕೆಲಸ ಮಾಡಿದೆ. ಹೊಸದಾಗಿ ಏನನ್ನೂ ಹಾಕಲಿಲ್ಲ, ಬರೀ ತೆಗೆದೆ. ಫೋನ್ ಮತ್ತೆ ಓಡಿತು.

ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳಿನ ಮರ ಹೆಚ್ಚಾದರೆ ಗಿಡಕ್ಕೆ ಬೆಳಕಿಲ್ಲ, ಕಾಯಿ ಕಟ್ಟಲ್ಲ. ಹಾಗಂತ ಮರವೆಲ್ಲ ಬೋಳಿಸಿದರೆ ಬಿಸಿಲಿಗೆ ಗಿಡ ಒಣಗುತ್ತದೆ. ಅದಕ್ಕೇ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುತ್ತೇವೆ. ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಅಂತ ಕೆಳಗಿನಿಂದ ನೋಡಿ ಹೇಳುವವರು ಬೇಕು. ಫೋನಿನಲ್ಲಿ ಆ ಹೇಳುವವರು ನೀವೇ. ನಾನು ಹೇಗೆ ಮಾಡುತ್ತೇನೆ ಅನ್ನೋದನ್ನು ಹಂತ ಹಂತವಾಗಿ ಬರೆದಿದ್ದೇನೆ. ಹೆಚ್ಚಿನದು ಆಂಡ್ರಾಯ್ಡ್ ಫೋನಿಗೆ. ಐಫೋನ್ ಇರುವವರಿಗೂ ಅಲ್ಲಲ್ಲಿ ಒಂದೆರಡು ಮಾತಿದೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿರುವ ಹುಡುಕುವ ಜಾಗದಲ್ಲಿ ಟೈಪ್ ಮಾಡಿ.

ಮೊದಲು ಒಂದು ದಿನ ಲೆಕ್ಕ ಬರೆಯಿರಿ

ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮುಂಚೆ ಒಂದು ದಿನ ಸುಮ್ನೆ ಗಮನಿಸಿ. ಫೋನಿನಲ್ಲಿ ದಿನಕ್ಕೆ ಹತ್ತು ಸಲ ಏನು ಮಾಡುತ್ತೀರಿ? ವಾರಕ್ಕೊಮ್ಮೆ ಏನು? ನೆನಪಿನಿಂದ ಹೇಳಲು ಹೋದರೆ ಎಲ್ಲರೂ ತಪ್ಪು ಹೇಳುತ್ತಾರೆ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ. ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದಿರಿ, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕೂತಿರಿ ಅನ್ನೋದೆಲ್ಲ ಅಲ್ಲಿ ಸಿಗುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್ ನೋಡಿ.

ಚಿಕ್ಕಪ್ಪನ ಲೆಕ್ಕ ಐದೇ ಸಾಲಿಗೆ ಮುಗಿಯಿತು. ಫೋನ್ ಮಾಡೋದು. ವಾಟ್ಸಾಪ್. ಟಾರ್ಚ್. ಕಾಫಿ ರೇಟ್ ನೋಡೋದು. ಇವತ್ತು ಮಳೆ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆದಿಡೋದು. ಅವರ ಫೋನಿನಲ್ಲಿ ಇದ್ದದ್ದು 94 ಆ್ಯಪ್.

ನನ್ನ ಕಟ್ಟುಪಾಡು ಇಷ್ಟೇ. ದಿನಕ್ಕೆ ಹತ್ತು ಸಲ ಮಾಡುವ ಕೆಲಸಕ್ಕೆ ಮಾತ್ರ ಫೋನನ್ನು ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಉಳಿದದ್ದನ್ನು ಕಂಪನಿ ಕೊಟ್ಟ ಹಾಗೇ ಬಿಡಿ. ಹತ್ತು ಸಲ ಮಾಡುವ ಕೆಲಸದಲ್ಲಿ ಒಂದೊಂದು ಸಲಕ್ಕೆ ಎರಡು ಸೆಕೆಂಡ್ ಉಳಿದರೆ ಅದು ಲಾಭ. ತಿಂಗಳಿಗೊಮ್ಮೆ ತೆರೆಯುವ ಆ್ಯಪ್‌ಗೆ ಚೆಂದದ ಐಕಾನ್ ಹುಡುಕುತ್ತಾ ಒಂದು ಭಾನುವಾರ ಕಳೆಯೋದು ಬರೀ ಖುಷಿಗೆ. ಖುಷಿಗೆ ಮಾಡಬಾರದು ಅಂತಲ್ಲ, ನಾನೂ ಮಾಡಿದ್ದೇನೆ. ಅದರಿಂದ ಕೆಲಸ ಬೇಗ ಆಗುತ್ತೆ ಅಂತ ನಂಬಿಕೊಳ್ಳಬೇಡಿ ಅಷ್ಟೇ.

ನಿಧಾನ ಯಾರದು?

"ಫೋನ್ ಸ್ಲೋ" ಅಂತ ತಂದುಕೊಡುವವರಲ್ಲಿ ಎಷ್ಟೋ ಜನರ ಫೋನ್ ಸ್ಲೋ ಇರುವುದೇ ಇಲ್ಲ, ನೆಟ್‌ವರ್ಕ್ ಸ್ಲೋ ಇರುತ್ತದೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ನಿಂತು ವಾಟ್ಸಾಪ್ ಫೋಟೋ ತೆರೆಯದಿದ್ದರೆ ಫೋನ್ ಪಾಪ ಏನು ಮಾಡುತ್ತೆ?

ಹೀಗೆ ಪರೀಕ್ಷೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ. ಈಗ ಕಾಂಟ್ಯಾಕ್ಟ್ಸ್ ತೆರೆಯಿರಿ, ಗ್ಯಾಲರಿ ತೆರೆದು ಮೇಲೆ ಕೆಳಗೆ ಸರಿಸಿ, ಕ್ಯಾಮೆರಾ ತೆರೆಯಿರಿ. ಇದೆಲ್ಲ ಸರಾಗವಾಗಿ ಆದರೆ ನಿಮ್ಮ ಫೋನಿಗೆ ಏನೂ ಆಗಿಲ್ಲ. ಆಗ ಸಿಮ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಬಗೆ ನೋಡಿ. 5ಜಿ ಸಿಗ್ನಲ್ ಬಂದು ಹೋಗಿ ಮಾಡುವ ಕಡೆ ಫೋನ್ 5ಜಿಗೂ 4ಜಿಗೂ ನಡುವೆ ಓಡಾಡುತ್ತಲೇ ಇರುತ್ತದೆ. ಅಂಥಾ ಊರಿನಲ್ಲಿ 4ಜಿ ಅಂತಲೇ ಇಟ್ಟುಬಿಡಿ. ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಟವರ್ ಹುಡುಕುತ್ತದೆ. ಬ್ಯಾಟರಿ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ. ಬಿಸಿಯಾದ ಫೋನ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟ ಫೋನ್ ತಡವರಿಸುವುದೂ ಇದೇ ಕಾರಣಕ್ಕೆ.

ಏರೋಪ್ಲೇನ್ ಮೋಡ್‌ನಲ್ಲೂ ತಡವರಿಸಿದರೆ ಸೇಫ್ ಮೋಡ್ ನೋಡಿ. ಬಹಳ ಫೋನ್‌ಗಳಲ್ಲಿ ಪವರ್ ಬಟನ್ ಒತ್ತಿ, ತೆರೆಯ ಮೇಲೆ ಬರುವ ಪವರ್ ಆಫ್ ಗುರುತನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ. ಅದರಲ್ಲಿ ನೀವು ಆಮೇಲೆ ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ. ಲಾಂಚರ್, ಥೀಮ್, ಕ್ಲೀನರ್ ಎಲ್ಲ ಮಲಗಿರುತ್ತವೆ. ಸೇಫ್ ಮೋಡ್‌ನಲ್ಲಿ ಫೋನ್ ಚುರುಕಾದರೆ ತೊಂದರೆ ನೀವು ಹಾಕಿಕೊಂಡದ್ದರಲ್ಲೇ ಇದೆ. ಅಲ್ಲೂ ನಿಧಾನ ಅಂದರೆ ಫೋನಿಗೆ ವಯಸ್ಸಾಗಿದೆ, ಇಲ್ಲವೇ ಜಾಗ ತುಂಬಿದೆ. ವಾಪಸ್ ಬರಲು ಫೋನ್ ರೀಸ್ಟಾರ್ಟ್ ಮಾಡಿದರೆ ಸಾಕು. ಚಿಕ್ಕಪ್ಪನ ಫೋನ್ ಸೇಫ್ ಮೋಡ್‌ನಲ್ಲಿ ಜಿಂಕೆ ಹಾಗೆ ಓಡಿತು. ಹೊಸ ಫೋನಿನ ಮಾತು ಅಲ್ಲಿಗೇ ಮುಗಿಯಿತು.

ಜಾಗ

ಫೋನಿನ ಮೆಮೊರಿ ಪುಸ್ತಕದ ಹಾಳೆಯಂತಲ್ಲ, ಬೇಕಾದ ಒಂದು ಸಾಲು ಮಾತ್ರ ಅಳಿಸಿ ಬರೆಯಲು ಬರುವುದಿಲ್ಲ. ಅಳಿಸುವುದು ದೊಡ್ಡ ದೊಡ್ಡ ತುಂಡುಗಳಲ್ಲಿ. ಖಾಲಿ ತುಂಡು ಸಿಗದಿದ್ದರೆ ಇರುವುದನ್ನು ಅತ್ತಿತ್ತ ಸರಿಸಿ, ಅಳಿಸಿ, ಆಮೇಲೆ ಬರೆಯಬೇಕು. ಅದಕ್ಕೇ ಸ್ಟೋರೇಜ್ ಭರ್ತಿಯಾದ ಫೋನ್ ಪ್ರತಿಯೊಂದಕ್ಕೂ ಏದುಸಿರು ಬಿಡುವುದು. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇರುವ ಇಎಂಎಂಸಿ ಬಗೆಯ ಮೆಮೊರಿಯಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಯುಎಫ್‌ಎಸ್ ಬಗೆಯದು ಅದಕ್ಕಿಂತ ವೇಗ. ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ ಅನ್ನೋದು ನನ್ನ ಅಂದಾಜು.

ಎಲ್ಲಿಂದ ಶುರು ಮಾಡೋದು? ವಾಟ್ಸಾಪ್‌ನಿಂದ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅಲ್ಲಿ ಮ್ಯಾನೇಜ್ ಸ್ಟೋರೇಜ್. ಯಾವ ಗ್ರೂಪ್ ಎಷ್ಟು ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ. ಚಿಕ್ಕಪ್ಪನ ಫೋನಿನಲ್ಲಿ ನೆಂಟರ ಒಂದೇ ಗ್ರೂಪ್ 11 ಜಿಬಿ ನುಂಗಿ ಕೂತಿತ್ತು. ಬೆಳಗಿನ ಶುಭಾಶಯ, ದೇವರ ಫೋಟೋ, ಅದೇ ವಿಡಿಯೋ ನಾಲ್ಕು ಸಲ. ಅಳಿಸಿದ ಮೇಲೆ ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಇದೇ ಕಥೆ.

ಇನ್ನೊಂದು ಮಾತು. ತೆರೆದ ಆ್ಯಪ್‌ಗಳನ್ನು ಫೋನ್ ಕೈಗೆಟಕುವಂತೆ ಇಟ್ಟುಕೊಳ್ಳುವ ವೇಗದ ಜಾಗಕ್ಕೆ ರ‍್ಯಾಮ್ ಅನ್ನುತ್ತಾರೆ. 'ರ‍್ಯಾಮ್ ಹೆಚ್ಚಿಸಿ' ಅಂತ ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಇರುತ್ತದಲ್ಲ, ಅದು ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜಿನದೇ ಒಂದು ಪಾಲನ್ನು ರ‍್ಯಾಮ್ ಹಾಗೆ ಬಳಸುತ್ತದೆ. ಸ್ಟೋರೇಜ್ ರ‍್ಯಾಮ್‌ಗಿಂತ ತುಂಬಾ ನಿಧಾನ. ಜಾಗ ಮೊದಲೇ ಕಡಿಮೆ ಇದ್ದರೆ ಅದನ್ನು ಆಫ್ ಮಾಡಿ ಒಂದು ವಾರ ನೋಡಿ.

ಈಗ ಕತ್ತಿ ಹಿಡಿಯಿರಿ

ಒಂದೊಂದೇ ತೆಗೆಯಿರಿ, ಒಂದು ದಿನ ಬಳಸಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ತೆಗೆದರೆ ಯಾವುದು ಕಾಟ ಕೊಡುತ್ತಿತ್ತು ಅಂತ ಗೊತ್ತೇ ಆಗಲ್ಲ.

ಮೊದಲು ಹೋಗಬೇಕಾದ್ದು ಕ್ಲೀನರ್, ಬೂಸ್ಟರ್ ಅನ್ನುವ ಆ್ಯಪ್‌ಗಳು. ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಆಂಡ್ರಾಯ್ಡ್ ಬೇಕಂತಲೇ ನೀವು ಬಳಸಿದ ಆ್ಯಪ್‌ಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮತ್ತೆ ಕೇಳಿದಾಗ ತಕ್ಷಣ ಕೊಡಲು. ಕ್ಲೀನರ್ ಅದನ್ನೆಲ್ಲ ಗುಡಿಸಿ ಹಾಕುತ್ತದೆ. ಆಮೇಲೆ ವಾಟ್ಸಾಪ್ ತೆರೆದರೆ ಮೊದಲಿಂದ ಒಲೆ ಹಚ್ಚಬೇಕು. 'ಇಷ್ಟು ಎಂಬಿ ಖಾಲಿ ಮಾಡಿದೆ' ಅಂತ ತೋರಿಸುವ ಆ ಹಸಿರು ಟಿಕ್ಕು ಇದೆಯಲ್ಲ, ಅದನ್ನು ನೋಡಿದ ಸಮಾಧಾನ ಒಂದೇ ಲಾಭ. ಅದರ ಕೆಳಗೆ ಜಾಹೀರಾತು ಬೇರೆ. ತೆರೆದಿಟ್ಟ ಎಲ್ಲ ಆ್ಯಪ್‌ಗಳನ್ನೂ ದಿನಕ್ಕೆ ಇಪ್ಪತ್ತು ಸಲ ಮೇಲೆ ಸರಿಸಿ ಮುಚ್ಚುವ ಅಭ್ಯಾಸಕ್ಕೂ ಇದೇ ಉತ್ತರ. ಹ್ಯಾಂಗ್ ಆದ ಆ್ಯಪ್ ಮಾತ್ರ ಮುಚ್ಚಿ.

ಆಮೇಲೆ ಲೈವ್ ವಾಲ್‌ಪೇಪರ್. ಹೋಮ್ ಸ್ಕ್ರೀನಿಗೆ ಬಂದಾಗಲೆಲ್ಲ ಅದನ್ನು ಬಿಡಿಸುತ್ತಿರಬೇಕು. ದುಬಾರಿ ಫೋನಿಗೆ ಅದು ಲೆಕ್ಕಕ್ಕಿಲ್ಲ, ಅಗ್ಗದ್ದಕ್ಕೆ ಭಾರ. ಲಾಕ್ ಸ್ಕ್ರೀನಿನಲ್ಲಿ ಪ್ರತಿ ಸಲ ಹೊಸ ಚಿತ್ರ, ಸುದ್ದಿ ತಂದು ತೋರಿಸುವುದನ್ನೂ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿ.

ವಿಜೆಟ್‌ಗಳಿಗೆ ನಾನು ಅಷ್ಟು ವಿರೋಧಿಯಲ್ಲ. ಸಾಮಾನ್ಯ ದಾರಿಯಲ್ಲಿ ವಿಜೆಟ್ 30 ನಿಮಿಷಕ್ಕೊಮ್ಮೆಗಿಂತ ಬೇಗ ಬೇಗ ಹೊಸದಾಗಲು ಆಂಡ್ರಾಯ್ಡ್ ಬಿಡುವುದಿಲ್ಲ. ಒಂದೆರಡು ಇದ್ದರೆ ಏನೂ ಆಗಲ್ಲ. ಆರು ಇದ್ದರೆ ನೀವೇ ಯೋಚಿಸಿ, ಅದರಲ್ಲಿ ಯಾವುದನ್ನು ಓದುತ್ತೀರಿ?

ಲಾಂಚರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್‌ಗೆ ಲಾಂಚರ್ ಅನ್ನುತ್ತಾರೆ. ಬೇರೆಯದು ಹಾಕಿಕೊಂಡರೂ ಕಂಪನಿಯ ಲಾಂಚರ್ ಮನೆ ಬಿಟ್ಟು ಹೋಗುವುದಿಲ್ಲ. ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲು ತೋರಿಸುವುದು, ಬೆರಳು ಸರಿಸಿ ಹಿಂದೆ ಮುಂದೆ ಹೋಗುವ ಸನ್ನೆ ನೋಡಿಕೊಳ್ಳುವುದು ಸಾಮಾನ್ಯವಾಗಿ ಅದರ ಕೈಯಲ್ಲೇ ಇರುತ್ತದೆ. ಅಂದರೆ ಒಂದೇ ಅಡುಗೆಮನೆಗೆ ಇಬ್ಬರು ಅಡುಗೆಯವರು. ಬೆರಳು ಮೇಲೆ ಸರಿಸಿದಾಗ ಒಂದು ಕ್ಷಣ ಏನೋ ಎಡವಿದ ಹಾಗೆ ಅನಿಸುತ್ತದಲ್ಲ, ಅದು ಇವರಿಬ್ಬರು ಪಾತ್ರೆ ಕೈ ಬದಲಾಯಿಸುವಾಗ ಆಗುವ ಸದ್ದು. ರ‍್ಯಾಮ್ 8 ಜಿಬಿ ಇದ್ದರೆ ಆರಾಮಾಗಿ ಬಳಸಿ. 3 ಅಥವಾ 4 ಜಿಬಿ ಇರುವ ಫೋನಿಗೆ ಬೇಡ. ಹಾಕಲೇಬೇಕು ಅಂದರೆ ಸನ್ನೆ ಬಿಟ್ಟು ಕೆಳಗೆ ಮೂರು ಬಟನ್ ಇರುವ ವಿಧಾನಕ್ಕೆ ಹೋಗಿ, ಎಡವುವುದು ಕಡಿಮೆಯಾಗುತ್ತದೆ.

ಫ್ಯಾನ್ಸಿ ಫಾಂಟ್ ಹಾಕುವ ಮುಂಚೆ ಒಂದು ಕನ್ನಡ ಮೆಸೇಜ್ ತೆರೆದು ನೋಡಿ. ಅಂಥ ಫಾಂಟ್‌ಗಳಲ್ಲಿ ಬಹಳಷ್ಟಕ್ಕೆ ಕನ್ನಡ ಅಕ್ಷರವೇ ಇರುವುದಿಲ್ಲ. ಫೋನ್ ಆಗ ಕನ್ನಡಕ್ಕೆ ತನ್ನ ಮಾಮೂಲಿ ಫಾಂಟ್ ತರುತ್ತದೆ. ಇಂಗ್ಲಿಷ್ ಒಂದು ಥರ, ಕನ್ನಡ ಒಂದು ಥರ, ಎರಡೂ ಸೇರಿದ ಸಾಲು ನೋಡಲು ಎತ್ತಿಗೆ ಕೋಣನ ಜೋಡಿ.

ಇನ್ನು, ಥೀಮ್ ಅಥವಾ ಲಾಂಚರ್ ನಿಮ್ಮ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿ. ಆಕ್ಸೆಸಿಬಿಲಿಟಿ ಅನುಮತಿ ಇನ್ನೂ ಅಪಾಯ. ಅದು ಸಿಕ್ಕ ಆ್ಯಪ್ ನಿಮ್ಮ ತೆರೆಯ ಮೇಲಿರುವುದನ್ನೆಲ್ಲ ಓದಬಲ್ಲದು, ನಿಮ್ಮ ಬದಲು ಬಟನ್ ಒತ್ತಬಲ್ಲದು. ವಾಟ್ಸಾಪ್‌ನಲ್ಲಿ ಮದುವೆ ಪತ್ರಿಕೆ ಅಂತಲೋ ಗಾಡಿಯ ದಂಡದ ಚಲನ್ ಅಂತಲೋ ಬರುವ ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಒತ್ತಿ ಬ್ಯಾಂಕಿನ ದುಡ್ಡು ಕಳೆದುಕೊಂಡವರಿದ್ದಾರೆ. ಮದುವೆ ಪತ್ರಿಕೆ ಚಿತ್ರವಾಗಿ ಬರುತ್ತದೆ, ಇಲ್ಲವೇ ಪಿಡಿಎಫ್ ಆಗಿ. ಇನ್‌ಸ್ಟಾಲ್ ಮಾಡಿಕೊಳ್ಳುವ ಮದುವೆ ಪತ್ರಿಕೆ ಯಾವ ಊರಲ್ಲೂ ಇಲ್ಲ. ಹಾಗೇನಾದರೂ ಆಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಏಳು ಸಲ ಒತ್ತಿ

ಈಗ ನನಗೆ ತುಂಬಾ ಇಷ್ಟದ ಹಂತ. ಸೆಟ್ಟಿಂಗ್ಸ್, ಅಬೌಟ್ ಫೋನ್, ಅಲ್ಲಿ ಬಿಲ್ಡ್ ನಂಬರ್. ಅದರ ಮೇಲೆ ಏಳು ಸಲ ಒತ್ತಿ. (ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಅನ್ನೋ ಪ್ರತೀತಿ ಇರುವ ನಾಡಿನವರಿಗೆ ಏಳು ನೆನಪಿಟ್ಟುಕೊಳ್ಳೋದು ಕಷ್ಟವಾ?) ಕೆಲವು ಫೋನ್‌ಗಳಲ್ಲಿ ಇದು ಸಾಫ್ಟ್‌ವೇರ್ ಮಾಹಿತಿ ಅನ್ನುವುದರ ಒಳಗಿರುತ್ತದೆ. ಏಳು ಸಲ ಒತ್ತಿದ ಮೇಲೆ ಡೆವಲಪರ್ ಆಪ್ಷನ್ಸ್ ಅನ್ನುವ ಹೊಸ ಮೆನು ತೆರೆದುಕೊಳ್ಳುತ್ತದೆ.

ಅಲ್ಲಿ ಕೆಳಗೆ ಹೋದರೆ ಮೂರು ಸಾಲು ಸಿಗುತ್ತವೆ: ವಿಂಡೋ ಆ್ಯನಿಮೇಶನ್ ಸ್ಕೇಲ್, ಟ್ರಾನ್ಸಿಶನ್ ಆ್ಯನಿಮೇಶನ್ ಸ್ಕೇಲ್, ಆ್ಯನಿಮೇಟರ್ ಡ್ಯುರೇಶನ್ ಸ್ಕೇಲ್. ಮೂರೂ 1 ಅಂತ ಇರುತ್ತವೆ. ಮೂರನ್ನೂ 0.5 ಮಾಡಿ. ಬೇರೆ ಯಾವುದನ್ನೂ ಮುಟ್ಟಬೇಡಿ, ಹಾಗೇ ಹಿಂದೆ ಬನ್ನಿ.

ಈಗ ಒಂದು ಆ್ಯಪ್ ತೆರೆಯಿರಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಅಲ್ವಾ? ಫೋನಿನ ಪ್ರೊಸೆಸರ್ ಮೊದಲಿನದೇ, ಅದರ ವೇಗ ಒಂದು ಚೂರೂ ಹೆಚ್ಚಿಲ್ಲ. ಕಿಟಕಿ ತೆರೆಯುವ, ಮುಚ್ಚುವ ಆಟ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿದೆ ಅಷ್ಟೇ. ಪೂರ್ತಿ ಆಫ್ ಕೂಡ ಮಾಡಬಹುದು, ಆದರೆ ನನಗೆ ಅದು ಒಗ್ಗಲಿಲ್ಲ. ಒಂದು ಪರದೆ ಹೋಗಿ ಇನ್ನೊಂದು ದಿಢೀರ್ ಅಂತ ಬಂದರೆ ಎಲ್ಲಿಂದ ಎಲ್ಲಿಗೆ ಬಂದೆ ಅಂತಲೇ ತಿಳಿಯಲ್ಲ.

ಒಂದು ಎಚ್ಚರಿಕೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ತೆರೆಯುವುದೇ ಇಲ್ಲ. ಅದನ್ನು ಆಫ್ ಮಾಡಿದರೆ ಸಾಮಾನ್ಯವಾಗಿ ನೀವು ಇಟ್ಟ 0.5 ಕೂಡ ಹೋಗಿ ಮತ್ತೆ 1 ಆಗುತ್ತದೆ. ಅಂಥವರು ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯನಿಮೇಶನ್ ತೆಗೆಯುವ ಸ್ವಿಚ್ ಬಳಸಿ. ಐಫೋನಿನಲ್ಲೂ ಆಕ್ಸೆಸಿಬಿಲಿಟಿ, ಮೋಶನ್, ರಿಡ್ಯೂಸ್ ಮೋಶನ್ ಅಂತ ಇದೆ.

ಬದಲಿಸಲೇಬೇಕಾದವು

ಇಷ್ಟು ಓದಿ ನಾನು ಏನೂ ಮುಟ್ಟಬೇಡಿ ಅನ್ನುವ ಪಂಗಡದವನು ಅಂದುಕೊಂಡಿರಬಹುದು. ಹಾಗಿಲ್ಲ. ಕೆಲವನ್ನು ಬದಲಿಸದೆ ಇರುವುದೇ ತಪ್ಪು.

ಮೊದಲನೆಯದು ನೋಟಿಫಿಕೇಶನ್. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಒಂದೇ ಆ್ಯಪ್‌ನ ಬೇರೆ ಬೇರೆ ಬಗೆಯ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಬಹುದು. ಯಾವುದಾದರೂ ಬೇಡದ ನೋಟಿಫಿಕೇಶನ್ ಬಂದಾಗ ಅದನ್ನೇ ಒತ್ತಿ ಹಿಡಿಯಿರಿ, ಅಲ್ಲೇ ಆಫ್ ಮಾಡುವ ಆಯ್ಕೆ ಬರುತ್ತದೆ. ಪಾರ್ಸೆಲ್ ಬಂತು ಅನ್ನುವುದು ಇರಲಿ, 'ಇವತ್ತೇ ಕೊನೆ ದಿನ' ಅನ್ನುವುದು ಹೋಗಲಿ. ಒಂದು ವಾರ ಹೀಗೆ ಬಂದ ಬಂದದ್ದನ್ನು ಕಳೆ ಕಿತ್ತ ಹಾಗೆ ಕೀಳುತ್ತಾ ಹೋಗಿ. ಎಂಥ ಥೀಮ್ ಕೂಡ ಕೊಡದ ನೆಮ್ಮದಿ ಇದರಲ್ಲಿದೆ.

ಎರಡನೆಯದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಸಕಲೇಶಪುರ, ಆಲೂರು, ಮೂಡಿಗೆರೆ ಸುತ್ತ ಆನೆ ಎಲ್ಲಿದೆ ಅನ್ನುವ ಸುದ್ದಿ ಈಗ ವಾಟ್ಸಾಪ್ ಗ್ರೂಪಿನಲ್ಲೇ ಓಡಾಡುತ್ತದೆ. ಬೆಳಗ್ಗೆ ಆಳುಗಳನ್ನು ಯಾವ ಕಡೆ ಕಳಿಸಬೇಕು ಅನ್ನೋದು ಅದನ್ನು ನೋಡಿ ತೀರ್ಮಾನವಾಗುತ್ತದೆ. ಆದರೆ ಬ್ಯಾಟರಿ ಉಳಿಸುವ ಹುಮ್ಮಸ್ಸಿನಲ್ಲಿ ಕೆಲವು ಫೋನ್‌ಗಳು ರಾತ್ರಿಯೆಲ್ಲ ವಾಟ್ಸಾಪನ್ನು ಮಲಗಿಸಿಬಿಡುತ್ತವೆ. ನೀವು ತೆರೆದಾಗಲೇ ಮೆಸೇಜ್ ಸುರಿಯುತ್ತದೆ. ಚಿಕ್ಕಪ್ಪನ ಫೋನಿನಲ್ಲಿ ಆಗಿದ್ದೂ ಅದೇ. ಆನೆ ಪಕ್ಕದ ತೋಟಕ್ಕೆ ಬಂದ ಸುದ್ದಿ ಅವರಿಗೆ ಸಿಕ್ಕಿದ್ದು ಆನೆ ವಾಪಸ್ ಹೋದ ಮೇಲೆ. ಸರಿಮಾಡಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ವಾಟ್ಸಾಪ್, ಬ್ಯಾಟರಿಗೆ ಹೋಗಿ ನಿರ್ಬಂಧ ಬೇಡ ಅಂತ ಆರಿಸಿ. ಕೆಲವು ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಅನ್ನುವ ಸ್ವಿಚ್ ಬೇರೆ ಇರುತ್ತದೆ, ಅದನ್ನೂ ಆನ್ ಮಾಡಿ. ಇದನ್ನು ಒಂದೆರಡು ಆ್ಯಪ್‌ಗೆ ಮಾತ್ರ ಮಾಡಿ, ಎಲ್ಲದಕ್ಕೂ ಮಾಡಿದರೆ ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಆನೆ ಗ್ರೂಪಿಗೆ ಬೇರೆಯದೇ ರಿಂಗ್‌ಟೋನ್ ಇಡಿ, ಉಳಿದ ಗ್ರೂಪ್‌ಗಳನ್ನು ಮ್ಯೂಟ್ ಮಾಡಿ.

ಕನ್ನಡ ಕೀಬೋರ್ಡ್ ಸರಿಯಾಗಿ ಹೊಂದಿಸಿಕೊಳ್ಳುವುದು ಮೂರನೆಯದು. ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿದರೆ ಕನ್ನಡ ಅಕ್ಷರದ ಕೀಲಿ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವುದು, ಬೆರಳಿನಲ್ಲಿ ಗೀಚುವುದು, ಮಾತಾಡಿ ಬರೆಸುವುದು ಎಲ್ಲ ಸಿಗುತ್ತದೆ. ನಿಮಗೆ ಒಗ್ಗುವ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಬಿಡಿ. ನಾಲ್ಕು ಭಾಷೆ ಇಟ್ಟುಕೊಂಡು ಭೂಗೋಳದ ಗುರುತು ಒತ್ತುತ್ತಾ ಕೂರುವುದು ಬೇಡ. ಆಂಡ್ರಾಯ್ಡ್ 13 ಅಥವಾ ಅದರ ನಂತರದ್ದು ಇದ್ದರೆ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡಬಹುದು, ಆ ಆ್ಯಪ್ ಅದಕ್ಕೆ ಒಪ್ಪಿದರೆ. ಫೋನೆಲ್ಲ ಕನ್ನಡ, ಮ್ಯಾಪ್ ಮಾತ್ರ ಇಂಗ್ಲಿಷ್ ಅಂತ ನನ್ನದು.

ಅಕ್ಷರದ ಗಾತ್ರ, ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ, ಮೇಲಿಂದ ಎಳೆದಾಗ ಟಾರ್ಚ್ ಮೊದಲ ಸಾಲಿನಲ್ಲಿ. ಇವಿಷ್ಟು ಐದು ನಿಮಿಷದ ಕೆಲಸ. ಹೋಮ್ ಸ್ಕ್ರೀನ್ ಒಂದೇ ಪುಟ ಇರಲಿ. ಹತ್ತು ಸಲ ಬಳಸುವ ಆ್ಯಪ್‌ಗಳು ಹೆಬ್ಬೆರಳಿಗೆ ಸಿಗುವ ಹಾಗೆ ಕೆಳಗೆ. ಉಳಿದವನ್ನು ಹುಡುಕಿ ತೆರೆಯಿರಿ, ಹೆಸರಿನ ಎರಡು ಅಕ್ಷರ ಒತ್ತಿದರೆ ಬರುತ್ತದೆ.

ಹಿರಿಯರ ಫೋನ್

ಒಂದು ವರ್ಷ ಹಾಸನಾಂಬೆಯ ಬಾಗಿಲು ತೆರೆದಾಗ ಅತ್ತೆಯ ಜೊತೆ ದರ್ಶನದ ಸಾಲಿಗೆ ಹೋಗಿದ್ದೆವು. ವರ್ಷಕ್ಕೆ ಕೆಲವೇ ದಿನ ತೆರೆಯುವ ಗುಡಿ, ಜನಸಾಗರ. ಅತ್ತೆ ಎಲ್ಲೋ ತಪ್ಪಿಸಿಕೊಂಡರು. ನಾನು ಒಂಬತ್ತು ಸಲ ಫೋನ್ ಮಾಡಿದೆ. ಆಮೇಲೆ ಸಿಕ್ಕಾಗ ಅವರು ಹೇಳಿದ್ದು: "ರಿಂಗ್ ಆಯ್ತಪ್ಪಾ, ಎತ್ತೋಕೆ ಮೇಲಕ್ಕೆ ಎಳೀಬೇಕೋ ಪಕ್ಕಕ್ಕೆ ಎಳೀಬೇಕೋ ಗೊತ್ತಾಗ್ಲಿಲ್ಲ." ಹಿಂದಿನ ವಾರವಷ್ಟೇ ಕಾಲ್ ಸ್ಕ್ರೀನನ್ನು ಚೆಂದ ಮಾಡಿಕೊಟ್ಟಿದ್ದು ನಾನೇ.

ಅವತ್ತಿನಿಂದ ಹಿರಿಯರ ಫೋನಿಗೆ ನನ್ನ ದಾರಿ ಬೇರೆ. ಸ್ಯಾಮ್‌ಸಂಗ್‌ನಲ್ಲಿ ಈಸಿ ಮೋಡ್ ಇದೆ. ಬೇರೆ ಕೆಲವು ಕಂಪನಿಗಳು ಸಿಂಪಲ್ ಮೋಡ್, ಲೈಟ್ ಮೋಡ್ ಅಂತ ಕೊಟ್ಟಿವೆ. 2023ರ ಐಒಎಸ್ 17ರಲ್ಲಿ ಐಫೋನಿಗೂ ಅಸಿಸ್ಟಿವ್ ಆಕ್ಸೆಸ್ ಬಂತು. ಐಕಾನ್ ದೊಡ್ಡದು, ಗೊಂದಲ ಕಡಿಮೆ. ಆಮೇಲೆ ಮುಖ್ಯವಾದ ನಾಲ್ಕು ಜನರ ನಂಬರನ್ನು ಫೋಟೋ ಸಮೇತ ಹೋಮ್ ಸ್ಕ್ರೀನಿಗೆ ತನ್ನಿ. ಕೊನೆಗೆ ಅವರ ಎದುರು ಕೂತು ಐದು ಸಲ ಕಾಲ್ ಮಾಡಿ, ಐದು ಸಲವೂ ಅವರೇ ಎತ್ತಲಿ. ಮತ್ತೆ ಮತ್ತೆ ಜಾಗ ಬದಲಿಸಬೇಡಿ. ಅವರು ಫೋನ್ ಬಳಸುವುದು ಕೈಯ ನೆನಪಿನಿಂದ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿರುವ ಹಾಗೆ.

ಬೂಟ್‌ಲೋಡರ್ ಕಡೆ ಹೋಗುವವರಿಗೆ

ಇದು ಎಲ್ಲರಿಗಲ್ಲ. ಬೂಟ್‌ಲೋಡರ್ ಅಂದರೆ ಫೋನ್ ಆನ್ ಆದಾಗ ಮೊದಲು ಓಡಿ ಉಳಿದ ಸಾಫ್ಟ್‌ವೇರನ್ನು ಎಬ್ಬಿಸುವ ಪ್ರೋಗ್ರಾಂ; ಬೇರೆ ಸಾಫ್ಟ್‌ವೇರ್ ಹಾಕಲು ಅದರ ಬೀಗ ತೆಗೆಯಬೇಕು. ಫೋನಿನ ಇಡೀ ಸಾಫ್ಟ್‌ವೇರನ್ನೇ ಕಿತ್ತು ಬೇರೆ ಹಾಕುವ ಹುಚ್ಚು ನನಗೂ ಇತ್ತು. 2009ರಲ್ಲಿ ಶುರುವಾದ ಅಂಥ ಒಂದು ಬದಲಿ ಸಾಫ್ಟ್‌ವೇರ್ ಸೈನೋಜನ್‌ಮಾಡ್ ಅನ್ನು ಒಂದು ಕಾಲದಲ್ಲಿ ತುಂಬಾ ಬಳಸಿದವನು ನಾನು. 2016ರ ಕೊನೆಗೆ ಅದು ನಿಂತಿತು, ಅದರದೇ ಕೋಡ್ ಮೇಲೆ ಲೀನಿಯೇಜ್ ಓಎಸ್ ಬಂತು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಅದು ಮರುಜೀವ ಕೊಡುತ್ತದೆ, ಅನುಮಾನವಿಲ್ಲ. ಬೇಡದ ಆ್ಯಪ್ ಒಂದೂ ಇರಲ್ಲ.

ಆದರೆ ಕೇಳಿ. ಒಂದು ಸಲ ದಿನವೂ ಬಳಸುವ ಫೋನಿಗೇ ಅದನ್ನು ಹಾಕಿಕೊಂಡೆ. ಹಾಸನದ ಬಿ.ಎಂ. ರಸ್ತೆಯ ಒಂದು ಬಂಕಿನಲ್ಲಿ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿ ದುಡ್ಡು ಕೊಡಲು ಫೋನ್ ತೆಗೆದರೆ ಯುಪಿಐ ಆ್ಯಪ್ 'ಈ ಫೋನ್ ಸುರಕ್ಷಿತವಲ್ಲ' ಅಂತ ಬಾಗಿಲು ಹಾಕಿಕೊಂಡಿತು. ಹಿಂದಿನ ದಿನ ಓಡುತ್ತಿತ್ತು! ಜೇಬಿನಲ್ಲಿ ಎಂಬತ್ತು ರೂಪಾಯಿ. ಹಿಂದೆ ಬೈಕುಗಳ ಸಾಲು. ಇದೇ ಊರಿನ ಇಸ್ರೋ ಕೇಂದ್ರದಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹವನ್ನು ಆರಾಮಾಗಿ ನಡೆಸುತ್ತಾರೆ, ನಾನು ಅಂಗೈಯಲ್ಲಿದ್ದ ಫೋನ್ ನಡೆಸಲಾಗದೆ ಬೆವರುತ್ತಾ ನಿಂತಿದ್ದೆ. ಸ್ನೇಹಿತ ಬಂದು ಬಿಡಿಸಿಕೊಂಡು ಹೋದ.

ಹಾಗಾಗಿ ಮಾಡುವುದಾದರೆ ಎರಡನೇ ಫೋನಿಗೆ ಮಾಡಿ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕ್ಷಣ ಫೋನಿನಲ್ಲಿದ್ದ ಎಲ್ಲವೂ ಅಳಿಸಿಹೋಗುತ್ತದೆ, ಫೋಟೋಗಳನ್ನು ಮೊದಲೇ ಬೇರೆ ಕಡೆ ಇಡಿ. ವಾರಂಟಿಗೂ ತೊಂದರೆ ಬರಬಹುದು. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ನಾಕ್ಸ್ ಅನ್ನುವ ಭದ್ರತೆಯ ಗುರುತು ಒಮ್ಮೆ ಮುರಿದರೆ ಮತ್ತೆ ಕೂಡುವುದಿಲ್ಲ.

ಹೊಸದು ತಗೊಳ್ಳುವಾಗ

ಒಂದು ಕಾಲದಲ್ಲಿ ಮಾತು ಸುಲಭವಿತ್ತು: ಸರಳ ಬೇಕಾ, ಐಫೋನ್, ನನ್ನಿಷ್ಟದ ಹಾಗೆ ಬೇಕಾ, ಆಂಡ್ರಾಯ್ಡ್. ಈಗ ಇಬ್ಬರೂ ಅರ್ಧ ದಾರಿ ನಡೆದು ಬಂದಿದ್ದಾರೆ. ಐಫೋನಿನ ಹೋಮ್ ಸ್ಕ್ರೀನಿಗೆ ವಿಜೆಟ್ ಬಂದಿದ್ದು 2020ರಲ್ಲಿ, ಲಾಕ್ ಸ್ಕ್ರೀನ್ ಬದಲಿಸಲು ಬಿಟ್ಟಿದ್ದು 2022ರಲ್ಲಿ, ಐಕಾನನ್ನು ಬೇಕಾದ ಕಡೆ ಇಡಲು ಬಿಟ್ಟಿದ್ದು 2024ರಲ್ಲಿ. ಅತ್ತ ಸ್ಯಾಮ್‌ಸಂಗ್ 2018ರ ಕೊನೆಗೆ ಒನ್ ಯುಐ ಅನ್ನುವ ಹೊಸ ತೆರೆ ವಿನ್ಯಾಸ ತೋರಿಸಿ, ಗಿಜಿಗಿಜಿ ಕಡಿಮೆ ಮಾಡಿ ಬಟನ್‌ಗಳನ್ನು ಹೆಬ್ಬೆರಳ ಹತ್ತಿರ ತಂದಿತು.

ಹಾಗಾಗಿ ಹೆಸರು ನೋಡಿ ತೀರ್ಮಾನಿಸಬೇಡಿ. ಅಂಗಡಿಯಲ್ಲಿ ಡೆಮೊ ಫೋನ್ ಕೈಗೆ ತಗೊಂಡು ಆ್ಯಪ್ ಪಟ್ಟಿ ತೆರೆಯಿರಿ. ನೀವು ಕೇಳದೆ ಕಂಪನಿಯೇ ತುಂಬಿದ ಆ್ಯಪ್ ಎಷ್ಟಿವೆ ಎಣಿಸಿ. ಅವುಗಳಲ್ಲಿ ಒಂದನ್ನು ಒತ್ತಿ ಹಿಡಿದು ಅನ್‌ಇನ್‌ಸ್ಟಾಲ್ ಅಂತ ಬರುತ್ತದಾ ನೋಡಿ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳಿ. ಗೂಗಲ್‌ನ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24 ಬಂದಾಗ ಆ ಕಂಪನಿಗಳು 7 ವರ್ಷದ ಮಾತು ಕೊಟ್ಟವು. ಅಗ್ಗದ ಫೋನ್‌ಗಳಲ್ಲಿ ಅಷ್ಟು ಸಿಗಲಿಕ್ಕಿಲ್ಲ, ಆದರೆ ಕೇಳದೆ ಬಿಡಬೇಡಿ. ಕ್ಯಾಮೆರಾದ ಮೆಗಾಪಿಕ್ಸೆಲ್ ಬಗ್ಗೆ ಅಂಗಡಿಯವರು ತಾವಾಗೇ ಹೇಳುತ್ತಾರೆ.

ಒಂದು ಚಿಕ್ಕ ಕೆಲಸ ಬಾಕಿ ಇದೆ. ಏನೇನು ಬದಲಿಸಿದಿರಿ ಅಂತ ಬರೆದಿಡಿ. ಕಾಗದದ ಮೇಲೆ, ಫೋನಿನಲ್ಲಲ್ಲ. ಚಿಕ್ಕಪ್ಪನ ಮನೆಯಲ್ಲಿ ಅದು ಗೋಡೆಯ ಕ್ಯಾಲೆಂಡರ್ ಹಿಂದೆ ಇದೆ: ಆ್ಯನಿಮೇಶನ್ 0.5, ವಾಟ್ಸಾಪ್ ಬ್ಯಾಟರಿ ನಿರ್ಬಂಧ ಇಲ್ಲ, 4ಜಿ. ಮೊನ್ನೆ ಹೋದಾಗ ಕೆಳಗೆ ಅವರದೇ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು. 'ಜಲಪಾತ ವಾಪಸ್ ಹಾಕಿದ್ದೇನೆ.' ನಾನು ಮುಖ ನೋಡಿದೆ. "ಫೋನ್ ಬೇಗ ಎತ್ತಬಹುದಲ್ಲ ಈಗ," ಅಂದರು, "ಇರ್ಲಿ ಬಿಡು, ಮೊಮ್ಮಗ ಹಾಕಿದ್ದು."